ಕಡಲ ನೀರಿಗೆ ಗರಿಕೆ

14 ಸೆಪ್ಟೆಂಬರ್ 1995, ಗುರುವಾರ
ಬಾಬುರಾಯನಕೊಪ್ಪಲು

ಸಮುದ್ರದಿಂದ ಇಷ್ಟು ದೂರ ಕೂತು ಸಮುದ್ರದ ಪ್ರಾಣಿಯ ಭ್ರೂಣದ ಮೇಲೆ ಪಿಎಚ್.ಡಿ. ಮಾಡಲು ಹೊರಟವನಿಗೆ ಏನನ್ನಬೇಕು? ನಯಾಜ್ ಇವತ್ತು ಬಾಯಿಬಿಟ್ಟು ಅಂದೇಬಿಟ್ಟ. ಅವನು ಗಂಜಾಮಿನವನು, ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಈಗ ಭಟ್ಕಳದಿಂದ ಮೈಸೂರಿಗೆ ಐಸ್ ಹಾಕಿದ ಮೀನು ತರುವ ಟೆಂಪೊ ಓಡಿಸುತ್ತಾನೆ. ನನಗೆಂದು ಎರಡು ಕ್ಯಾನು ಕಡಲ ನೀರು, ಒಂದು ಬಕೆಟ್ಟು ಮುಳ್ಳುಚೆಂಡು, ಅಂದರೆ ಸೀ ಅರ್ಚಿನ್, ಇಳಿಸಿ, "ಲೇ ಚಲುವರಾಜು, ಮೀನಾದ್ರೆ ಸಾರು ಮಾಡ್ಬೋದು, ಇವ್ನ ಏನ್ ಮಾಡೀಯಲಾ? ಮನೆ ಮುಂದ್ಲ ಕಾವೇರಿ ಬುಟ್ಟು ಉಪ್ನೀರ್ ತರುಸ್ತೀಯಲ್ಲ, ನಿನ್ ತಲೆ ನೆಟ್ಟಗದಾ?" ಎಂದ.

ಅವ್ವ ಬಕೆಟ್ಟಿಗೆ ಬಗ್ಗಿ ನೋಡಿ "ಉಮ್ಮತ್ತಿ ಕಾಯಿ ಇದ್ದಂಗವೆ" ಅಂದಳು. ಹಾಗೇ ಇವೆ. ಮೈತುಂಬ ಮುಳ್ಳು, ತಲೆ ಯಾವುದು ಬಾಲ ಯಾವುದು ತಿಳಿಯದು. ಆದರೆ ಇವುಗಳ ಮೊಟ್ಟೆ ಗಾಜಿನ ಹಾಗೆ ತಿಳಿಯಾಗಿರುತ್ತದೆ. ನಮ್ಮದೆಲ್ಲ ಹೊಟ್ಟೆಯ ಕತ್ತಲಲ್ಲಿ ನಡೆಯುವ ವ್ಯವಹಾರ, ಇವುಗಳದ್ದು ನೀರಿನಲ್ಲಿ, ಬೆಳಕಿನಲ್ಲಿ. ಒಂದು ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ಕಣ್ಣಾರೆ ನೋಡಬಹುದು. ಪಾಂಡವಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಲೇ ಇದನ್ನು ನೋಡಿ ಮುಗಿಸಬೇಕು, ಮೈಸೂರಿನ ನನ್ನ ಗೈಡಿಗೆ ಡಿಸೆಂಬರ್ ಒಳಗೆ ಕೈಕಾಲು ಬಂದ ಮರಿಯ ಫೋಟೊ ಕೊಡಬೇಕು.

ಹೆಂಡತಿ ಸಹನಳಿಗೆ ಈ ತಿಂಗಳು ಮುಟ್ಟು ನಿಂತಿದೆ. ಇದು ಮೂರನೆಯ ಸಲ. ಹಿಂದಿನ ಎರಡೂ ಮೂರು ತಿಂಗಳು ತುಂಬುವ ಮೊದಲೇ ಹೋದವು. ಆದ್ದರಿಂದ ಇಲ್ಲಿ ಇದರ ಬಗ್ಗೆ ಬರೆಯುವುದಿಲ್ಲ. ಇದು ಕೆಲಸದ ದಿನಚರಿ.

16 ಸೆಪ್ಟೆಂಬರ್, ಶನಿವಾರ

ಎಲ್ಲವೂ ಸತ್ತವು. ಎರಡಾಗುವ ಮೊದಲೇ. ಮೊಟ್ಟೆಗಳು ಚೆನ್ನಾಗಿಯೇ ಇದ್ದವು. ಗಂಡಿನ ಕಡೆಯದೇ ದೋಷ ಇರಬೇಕು.

21 ಸೆಪ್ಟೆಂಬರ್, ಗುರುವಾರ

ಊರೆಲ್ಲ ಗಣಪತಿಗೆ ಹಾಲು ಕುಡಿಸಲು ಓಡುತ್ತಿದೆ. ಕಲ್ಲಿನ ಗಣೇಶ ಚಮಚದಿಂದ ಹಾಲು ಹೀರುತ್ತಾನಂತೆ. ಕಾಲೇಜಿನಲ್ಲಿ ತರಗತಿಗೆ ಒಬ್ಬನೂ ಇಲ್ಲ. ಅಟೆಂಡರೂ ಇಲ್ಲ. ಪ್ರಿನ್ಸಿಪಾಲರೂ "ಸುಮ್ನೆ ನೋಡಿ ಬತ್ತೀನಿ" ಎಂದು ಹೋದವರು ಬರಲೇ ಇಲ್ಲ. ದ್ರವದ ಮೇಲ್ಮೈ ಎಳೆತದ ಬಗ್ಗೆ ಖಾಲಿ ಬೆಂಚುಗಳಿಗೆ ಪಾಠ ಮಾಡುವಷ್ಟು ಸಿಟ್ಟು ಬಂತು.

ಮನೆಗೆ ಬಂದರೆ ಅವ್ವನೂ ಹೋಗಿ ಬಂದಿದ್ದಾಳೆ. "ಕುಡುದ್ನಾ?" ಎಂದು ಕೇಳಿದೆ. "ಕುಡುದ. ನಾನೂ ಒಂದ್ ಕೇಳ್ಕಂಡೆ" ಅಂದಳು. ಏನು ಕೇಳಿಕೊಂಡೆ ಎಂದು ನಾನು ಕೇಳಲಿಲ್ಲ. ಸಹನ ಸೊಪ್ಪು ಬಿಡಿಸುತ್ತ ತಲೆ ತಗ್ಗಿಸಿದಳು.

8 ಅಕ್ಟೋಬರ್, ಭಾನುವಾರ

ಎರಡನೆಯ ಸಲ ಮೊಟ್ಟೆಗಳು ಎಂಟಾದವು, ಹದಿನಾರಾದವು, ಉಂಡೆಯಾದವು, ಆಮೇಲೆ ಕದಡಿದ ಮೊಸರಿನ ಹಾಗೆ ತಳ ಸೇರಿದವು. ಒಂದೇ ಜಾಡಿಯಲ್ಲಿ ಕೆಲವು ಬೆಳೆಯುತ್ತವೆ, ಕೆಲವು ಬೆಳೆಯುವುದಿಲ್ಲ. ಪುಸ್ತಕದಲ್ಲಿ ಇದಕ್ಕೆ ಅರ್ಧ ಸಾಲು ಇದೆ: ಕೆಲವು ಸ್ವಾಭಾವಿಕವಾಗಿಯೇ ವಿಫಲವಾಗುತ್ತವೆ. ಸ್ವಾಭಾವಿಕ ಅಂದರೇನು? ನನಗೆ ತಿಳಿಯದ್ದಕ್ಕೆಲ್ಲ ನಾನೂ ವಿದ್ಯಾರ್ಥಿಗಳಿಗೆ ಇದೇ ಪದ ಹೇಳಿ ಪಾರಾಗುತ್ತೇನೆ.

ಮೊನ್ನೆ ಮೈಸೂರಿನ ಡಾಕ್ಟರಮ್ಮನೂ ಅದನ್ನೇ ಅಂದರು. "ಹಿಂದಿನ ಎರಡಕ್ಕೂ ಕಾರಣ ಹೇಳೋಕಾಗಲ್ಲ. ಬೇಕಾದ್ರೆ ನೀವೂ ಒಂದು ಪರೀಕ್ಷೆ ಮಾಡಿಸಿ" ಎಂದು ನನ್ನ ಕಡೆ ತಿರುಗಿದರು. ತಲೆಯಾಡಿಸಿದೆ. ಸಹನ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ಕೇಳಿಸಿರಲಾರದು. ಪರೀಕ್ಷೆಗೆ ಹೋಗಲು ಬಿಡುವಿಲ್ಲ. ಕಿರು ಪರೀಕ್ಷೆಯ ಪೇಪರುಗಳ ಕಟ್ಟು ಹಾಗೇ ಇದೆ.

ಮುಂದಿನ ಸಲ ಬೇರೆ ಗಂಡು ಪ್ರಾಣಿಗಳನ್ನು ಆರಿಸಬೇಕು. ತಪ್ಪು ಅಲ್ಲೇ ಇದೆ.

21 ಅಕ್ಟೋಬರ್, ಶನಿವಾರ

ದೀಪಾವಳಿ ರಜೆಗೆ ಕಾಲೇಜಿಗೆ ಬೀಗ. ಪ್ರಿನ್ಸಿಪಾಲರ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿ ಸೂಕ್ಷ್ಮದರ್ಶಕವನ್ನು ಮನೆಗೆ ತಂದೆ. ಜಾಡಿಗಳೆಲ್ಲ ಅಡುಗೆಮನೆ ಪಕ್ಕದ ಒಪ್ಪಾರದಲ್ಲಿ ನೀರಿನ ಹಂಡೆಗಳ ಸಾಲಿನಲ್ಲಿ ಕೂತಿವೆ. ತಂಪು ಜಾಗ ಮನೆಯಲ್ಲಿ ಅದೊಂದೇ.

ನಯಾಜ್ ಹೊಸ ಬಕೆಟ್ಟು ತಂದ. "ಈ ಕಿತ ಗಟ್ಟಿಮುಟ್ಟಾದ್ ಗಂಡುಗಳ್ನೇ ಆಯ್ದಿವ್ನಿ ಕಣ್ಲಾ" ಎಂದು ಕಣ್ಣು ಹೊಡೆದ. ಯಾವುದು ಗಂಡೆಂದು ಹೊರಗಿನಿಂದ ನೋಡಿ ಹೇಳಲು ನನಗೇ ಬರುವುದಿಲ್ಲ, ಇವನಿಗೆಲ್ಲಿಂದ ಬಂತು? ಪೋಲಿ ಮಾತು. ನಗಲಿಲ್ಲ ಎಂದು ಮುಖ ಊದಿಸಿಕೊಂಡು ಹೋದ.

23 ಅಕ್ಟೋಬರ್, ಸೋಮವಾರ

ಬೆಳಿಗ್ಗೆ ಬೆರೆಸಿದ ಮೊಟ್ಟೆಗಳು ಸಂಜೆಯ ಹೊತ್ತಿಗೆ ತಮ್ಮ ಪೊರೆ ಬಿಚ್ಚಿಕೊಂಡು ಈಜಾಡುತ್ತಿವೆ. ಇಷ್ಟು ಚೆನ್ನಾಗಿ ಹಿಂದೆ ಯಾವತ್ತೂ ಬಂದಿರಲಿಲ್ಲ.

ಸಹನಳಿಗೆ ತೋರಿಸಿದೆ. ನೋಡುತ್ತ ನೋಡುತ್ತ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಇವುಕ್ಕೆ ತಾಯಿ ಬೇಡ್ವ?" ಎಂದು ಕೇಳಿದಳು. ಬೇಡ, ನೀರೇ ಸಾಕು ಎಂದೆ. ಅವ್ವ ಒಲೆ ಮುಂದಿನಿಂದಲೇ "ಏನದೆ ಅದ್ರಾಗೆ?" ಅಂದಳು. "ಮಕ್ಳವೆ ಕಣತ್ತೆ, ಕಣ್ಗೆ ಕಾಣ್ದಷ್ಟು ಸಣ್ಣವು" ಎಂದಳು ಸಹನ. ಮಕ್ಕಳಲ್ಲ, ಭ್ರೂಣಗಳು ಎಂದು ತಿದ್ದಿದೆ.

ನಾಳೆ ಸೂರ್ಯಗ್ರಹಣ. ಅವ್ವ ಈಗಲೇ ಗರಿಕೆ ಕಿತ್ತು ತಂದಿಟ್ಟಿದ್ದಾಳೆ. ಸಹನ ಒಳಕೋಣೆ ಬಿಟ್ಟು ಬರಬಾರದು, ಕತ್ತಿ ಈಳಿಗೆಮಣೆ ಮುಟ್ಟಬಾರದು, ಕಿಟಕಿಗೆ ಕಂಬಳಿ. ಸಹನ ಎಲ್ಲಕ್ಕೂ ಹೂಂ ಅಂದಳು. ಬಿ.ಎಸ್ಸಿ. ಓದಿದವಳು! ನಾನು ಏನಾದರೂ ಅಂದರೆ ನಾಳೆ ಏನಾದರೂ ಆದರೆ ಎಂದು ನಾನೂ ಸುಮ್ಮನಿದ್ದೆ.

24 ಅಕ್ಟೋಬರ್, ಮಂಗಳವಾರ

ಬೆಳಿಗ್ಗೆ ಬೇಗ ಪಾಂಡವಪುರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ರಟ್ಟಿಗೆ ತೂತು ಕೊರೆದು ಬಿಳಿ ಹಾಳೆಯ ಮೇಲೆ ಗ್ರಹಣ ತೋರಿಸುವ ಕಾರ್ಯಕ್ರಮ. ಜನ ಬರಲಿಲ್ಲ, ಅಂಗಡಿಗಳ ಬಾಗಿಲೂ ತೆರೆದಿರಲಿಲ್ಲ. ಮೂಢನಂಬಿಕೆಯ ಬಗ್ಗೆ ನಾನು ಮಾಡಿದ ಭಾಷಣವನ್ನು ನಾಲ್ಕು ಹುಡುಗರು, ಒಂದು ಹಸು ಕೇಳಿದವು. ಹಾಳೆಯ ಮೇಲೆ ಸೂರ್ಯ ಕಚ್ಚಿದ ದೋಸೆಯ ಹಾಗೆ ಕಂಡ. ನಾನಂತೂ ಖುಷಿಪಟ್ಟೆ.

ಮನೆಗೆ ಬಂದಾಗ ಅವ್ವ ಹೊಳೆಯಲ್ಲಿ ತಲೆಗೆ ನೀರು ಹಾಕಿಕೊಂಡು ಬಂದು ಮನೆ ತೊಳೆದು ಮುಗಿಸಿದ್ದಳು. ನಡುಮನೆಯಲ್ಲಿ ನೀರು ತುಂಬಿದ ತಟ್ಟೆ, ಅದರಲ್ಲಿ ನೆಟ್ಟಗೆ ನಿಂತ ಒನಕೆ. ಗ್ರಹಣ ಹಿಡಿದಾಗ ಒನಕೆ ತಾನೇ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂದು ನಂಬಿಕೆ. ಬಿಟ್ಟು ಎಷ್ಟೋ ಹೊತ್ತಾದರೂ ಅದು ಬಿದ್ದಿರಲಿಲ್ಲ. ನಗು ಬಂತು.

ಒಪ್ಪಾರಕ್ಕೆ ಹೋದೆ. ಪ್ರತಿ ಜಾಡಿಯಲ್ಲೂ ಒಂದೊಂದು ಗರಿಕೆ ತೇಲುತ್ತಿತ್ತು. ನೀರು ಕಂಠದವರೆಗೆ ಬಂದಿತ್ತು. ನಾನು ಅಷ್ಟು ತುಂಬಿಸಿರಲಿಲ್ಲ. ಬೆರಳದ್ದಿ ನಾಲಿಗೆಗೆ ಇಟ್ಟೆ. ಸಪ್ಪೆ.

ಗ್ರಹಣ ಬಿಟ್ಟ ಮೇಲೆ ತುಂಬಿಟ್ಟ ನೀರನ್ನು ಚೆಲ್ಲಿ ಹೊಸ ನೀರು ಹಿಡಿಯಬೇಕಲ್ಲ. ಅವ್ವ ಹಂಡೆ, ಬಿಂದಿಗೆ ಎಲ್ಲ ಖಾಲಿ ಮಾಡಿದವಳು, ಜಾಡಿಗಳ ಹತ್ತಿರ ಬಂದಾಗ ನಿಂತು ಯೋಚನೆ ಮಾಡಿದಳಂತೆ. ಪೂರ್ತಿ ಚೆಲ್ಲಿದರೆ ಮಕ್ಕಳೂ ಹೋಗುತ್ತವೆ. ಚೆಲ್ಲದಿದ್ದರೆ ಮಕ್ಕಳು ಗ್ರಹಣದ ನೀರಿನಲ್ಲಿ ಉಳಿಯುತ್ತವೆ. ಆದ್ದರಿಂದ ಮೇಲಿನ ಅರ್ಧ ಮೆಲ್ಲಗೆ ಬಸಿದು, ಹೊಳೆಯಿಂದ ಮಡಿಯಲ್ಲಿ ತಂದ ಕಾವೇರಿ ನೀರನ್ನು ತುಂಬಿಸಿದ್ದಾಳೆ. "ಮೀಸ್ದಂಗೂ ಆಯ್ತು ಅಂತ ಉಯ್ದೆ ಕಣಪ್ಪ" ಅಂದಳು.

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸಪ್ಪೆ ನೀರು ಕುಡಿದು ಊದಿ ಒಡೆದಿವೆ. ಒಂದೂ ಉಳಿದಿಲ್ಲ.

ಸ್ವಲ್ಪ ಜೋರಾಗಿಯೇ ಮಾತಾಡಿದೆ. ನನ್ನ ಜಾಗದಲ್ಲಿ ಯಾರಿದ್ದರೂ ಮಾತಾಡುತ್ತಿದ್ದರು. ಗೈಡಿಗೆ ಏನು ಹೇಳಲಿ?

25 ಅಕ್ಟೋಬರ್, ಬುಧವಾರ

ಬೆಳಿಗ್ಗೆ ಎದ್ದರೆ ಅವ್ವ ಇಲ್ಲ. ಮೊದಲ ಬಸ್ಸಿಗೆ ಶೀಳನೆರೆಗೆ, ತನ್ನ ತಮ್ಮ ಮಂಚಯ್ಯನ ಮನೆಗೆ ಹೋದಳಂತೆ. ಹಬ್ಬದ ದಿನ ಹೀಗೆ ಹೋಗುವುದುಂಟೆ? ದೀಪ ಹಚ್ಚುವುದು ಇಬ್ಬರಿಗೂ ಮರೆತುಹೋಯಿತು. ಪಕ್ಕದ ಮನೆಯ ಪುಟ್ಟತಾಯಮ್ಮ ಎರಡು ಒಬ್ಬಟ್ಟು ಕೊಟ್ಟು ಹೋದರು. ಸಹನ ಮುಟ್ಟಲಿಲ್ಲ.

27 ಅಕ್ಟೋಬರ್, ಶುಕ್ರವಾರ

ಬರೆಯುವುದಿಲ್ಲ ಅಂದುಕೊಂಡಿದ್ದೆ. ಬರೆಯದೆ ಇರಲು ಆಗುತ್ತಿಲ್ಲ.

ಮಧ್ಯಾಹ್ನ ಸಹನಳ ಸೀರೆಯ ಮೇಲೆ ರಕ್ತದ ಕಲೆ ಕಂಡಿತು. ನಯಾಜನ ಟೆಂಪೊದಲ್ಲೇ ಮೈಸೂರಿಗೆ ಓಡಿದೆವು. ಮೀನಿನ ವಾಸನೆಗೆ ಅವಳಿಗೆ ವಾಂತಿ. ನಯಾಜ್ ದಾರಿಯುದ್ದಕ್ಕೂ ಒಂದು ತಮಾಷೆಯನ್ನೂ ಮಾಡಲಿಲ್ಲ, ಹಳ್ಳ ಬಂದಲ್ಲೆಲ್ಲ "ಯಾ ಅಲ್ಲಾ" ಎನ್ನುತ್ತ ನಿಧಾನ ಮಾಡುತ್ತಿದ್ದ. ಡಾಕ್ಟರಮ್ಮ ನೋಡಿ, ಇನ್ನೂ ಹೋಗಿಲ್ಲ, ಉಳಿಯುತ್ತದೆ ಅಂತಲೂ ಹೇಳುವುದಿಲ್ಲ, ಮಲಗಿರಲಿ, ಏಳಬಾರದು ಎಂದರು. ಹೋಗಿಲ್ಲ, ಉಳಿದಿಲ್ಲ. ಇದು ಎಂಥ ಉತ್ತರ?

ಸಂಜೆ ಅನ್ನ ಮಾಡಿದೆ, ತಳ ಹತ್ತಿತು. ನಾಗಮಂಗಲದಿಂದ ನಿಮ್ಮಮ್ಮನನ್ನು ಕರೆಸಲೇ ಎಂದು ಕೇಳಿದೆ. ಸಹನ ಗೋಡೆ ಕಡೆ ತಿರುಗಿ ಮಲಗಿದ್ದಳು.

"ನಮ್ಮಮ್ಮ ಬ್ಯಾಡ. ಅತ್ತೆ ಬೇಕು" ಅಂದಳು.

"ಅವ್ವ ತಾನಾಗೇ ಹೋದ್ಲು. ನಾನೇನ್ ಮಾಡ್ಲಿ?"

"ನೀವು ಅವತ್ತು ಏನಂದ್ರಿ ಅಂತ ಗೊತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ಅವಳು ಗೋಡೆಗೇ ಹೇಳಿದಳು. "'ನಿನ್ ಕೈ ತಾಕ್ದ್ ಯಾವ ಕೂಸೂ ಈ ಮನೇಲಿ ಉಳಿಯಾಕಿಲ್ಲ' ಅಂದ್ರಿ. ನಾನು ಒಳಕೋಣೇಲಿ ಇದ್ದೆ. ನಂಗೂ ಕೇಳುಸ್ತು."

ನಾನು ಜಾಡಿಗಳ ಬಗ್ಗೆ ಹೇಳಿದ್ದು. ಅಷ್ಟೇ. ಜಾಡಿಯಲ್ಲಿರುವುದನ್ನು ನಾನು ಯಾವತ್ತೂ ಕೂಸು ಎಂದವನಲ್ಲ. ಹಾಗಾದರೆ ಆ ಪದ ಎಲ್ಲಿಂದ ಬಂತು?

29 ಅಕ್ಟೋಬರ್, ಭಾನುವಾರ

ಸಹನಳನ್ನು ಪುಟ್ಟತಾಯಮ್ಮನಿಗೆ ಒಪ್ಪಿಸಿ ಶೀಳನೆರೆಗೆ ಹೋಗಿ ಬಂದೆ. ಅವ್ವ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು, ನೀರು ಕೊಡು ಎಂದು ಮಂಚಯ್ಯ ಮಾವನ ಹೆಂಡತಿ ಅತ್ತೆಗೆ ಹೇಳಿದಳು. ತಾನು ಕೊಡಲಿಲ್ಲ. ಊಟವನ್ನೂ ಅತ್ತೆಯ ಕೈಯಲ್ಲೇ ಹಾಕಿಸಿದಳು. ನಾನು ಹುಟ್ಟಿದಾಗಿನಿಂದ ಅವ್ವ ಇರುವ ಮನೆಯಲ್ಲಿ ಬೇರೆಯವರ ಕೈಯಿಂದ ಉಂಡದ್ದು ಇದೇ ಮೊದಲು.

ಸಹನಳ ವಿಷಯ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡಳು. ಬಾ ಎಂದೆ.

"ನಾನ್ ಬರಾಕಿಲ್ಲ ಕಣಪ್ಪ. ಮೊದಲ್ನೇ ಕಿತ ನಾನೇ ಎಳ್ಳು ಚಿಗಳಿ ಮಾಡಿಕ್ಕಿದ್ದೆ, ಆಸೆಪಟ್ಲು ಅಂತವ. ಎಲ್ಡ್ನೇ ಕಿತ ಎಣ್ಣೆ ಒತ್ತಿ ನೀರ್ ಉಯ್ದೆ. ಈಗ ನಿನ್ ಜಾಡಿ. ನನ್ ಕೈ ಸರಿ ಇಲ್ಲ. ನೀನ್ ಅಂದಿದ್ದು ದಿಟವೇ."

"ಅವ್ವ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದೆ.

"ಸಮ್ಮಂದ ಇಲ್ದೇ ಯಾಕಂದೆ?"

ಮೂರು ವರ್ಷದಿಂದ ಅವಳು ಎಳ್ಳಿನ ಉಷ್ಣದ ಲೆಕ್ಕ ಹಿಡಿದುಕೊಂಡು ಕೂತಿದ್ದಾಳೆ, ನನಗೆ ಗೊತ್ತೇ ಇರಲಿಲ್ಲ.

1 ನವೆಂಬರ್, ಬುಧವಾರ

ರಾಜ್ಯೋತ್ಸವದ ರಜೆ. ನಯಾಜ್ ನಿನ್ನೆ ತಂದ ಬಕೆಟ್ಟಿನಿಂದ ಒಂದು ಹೆಣ್ಣು, ಒಂದು ಗಂಡು ಸಿಕ್ಕರೆ ಸಾಕೆಂದು ನಾಲ್ಕು ಪ್ರಾಣಿಗಳನ್ನು ಡಬ್ಬಿಗೆ ಹಾಕಿಕೊಂಡು, ಸೂಕ್ಷ್ಮದರ್ಶಕವನ್ನು ಟವೆಲಿನಲ್ಲಿ ಸುತ್ತಿ ಮತ್ತೆ ಶೀಳನೆರೆಗೆ ಹೊರಟೆ. ಯಾಕೆ ಹೊರಟೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಬಾಯಿಮಾತಿನಲ್ಲಿ ಆಗದ್ದಕ್ಕೆ ಬೇರೇನೂ ನನಗೆ ಬರುವುದಿಲ್ಲ. ಕಂಡಕ್ಟರು ಡಬ್ಬಿಯೊಳಗೆ ಏನೆಂದು ಕೇಳಿದಾಗ ಔಷಧಿ ಎಂದೆ.

ಮಂಚಯ್ಯ ಮಾವನ ಜಗಲಿಯಲ್ಲಿ ಬಿಸಿಲು ಚೆನ್ನಾಗಿತ್ತು. ಸೂಕ್ಷ್ಮದರ್ಶಕದ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಬೆಳಕು ಕೂಡಿಸಿದೆ. ಸೂಜಿಯಿಂದ ಎರಡಕ್ಕೆ ಉಪ್ಪಿನ ದ್ರಾವಣ ಚುಚ್ಚಿದೆ, ಅದೃಷ್ಟಕ್ಕೆ ಜೋಡಿಯೇ ಸಿಕ್ಕಿತು. ಹೆಣ್ಣು ಕೇಸರಿಬಾತಿನ ರವೆಯಂಥ ಮೊಟ್ಟೆ ಬಿಟ್ಟಿತು, ಗಂಡು ಹಾಲಿನಂಥದ್ದು ಬಿಟ್ಟಿತು. ಉಳಿದ ಎರಡನ್ನು ಮುಟ್ಟಲಿಲ್ಲ. ಅವ್ವನ ಎದುರಿಗೇ ಬೆರೆಸಿದೆ. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ದೂರವೇ ನಿಂತಿದ್ದಳು.

"ಮುಟ್ಬೇಡ, ನೋಡು ಸಾಕು" ಎಂದೆ.

ಕೈ ಸೆರಗಿನೊಳಗೇ ಇಟ್ಟುಕೊಂಡು ಬಗ್ಗಿದಳು. ಮೊದಲು ಏನೂ ಕಾಣಲಿಲ್ಲ, ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಂಡಿತು. ಆಮೇಲೆ ಕದಲಲಿಲ್ಲ. ಮಾವ ಬಂದು ಒಂದು ಸಲ ನೋಡಿ, "ಸಬ್ಬಕ್ಕಿ ಇದ್ದಂಗದೆ" ಎಂದು ಗದ್ದೆಗೆ ಹೋದ. ಅವ್ವ ಮಾತ್ರ ಹೋಗುವುದು ಬರುವುದು, ಬಗ್ಗಿ ನೋಡುವುದು. ಕಡೆಗೊಮ್ಮೆ ಮೆಲ್ಲಗೆ "ಎಲ್ಡಾಯ್ತು ಕಲಾ" ಅಂದಳು. ಸ್ವಲ್ಪ ಹೊತ್ತಿಗೆ ಪಕ್ಕದ್ದೂ ಎರಡಾಯಿತು. ಅದರ ಪಕ್ಕದ್ದೂ.

"ಇದೊಂದ್ಯಾಕೆ ಅಂಗೇ ಕುಂತದೆ?"

ನಾನೂ ನೋಡಿದೆ. ಒಂದಲ್ಲ, ಅಲ್ಲಲ್ಲಿ ಕೆಲವು ಹಾಗೇ ಇದ್ದವು. ಒಂದು ಒಡೆಯಲು ಹೋಗಿ ಅಡ್ಡಾದಿಡ್ಡಿಯಾಗಿ ನಿಂತಿತ್ತು.

"ಅವು ಆಗ್ಲಿಲ್ಲ ಅವ್ವ. ಆಗಲ್ಲ ಅವು."

"ಯಾರ್ ಮುಟ್ಟುದ್ರು?"

"ಯಾರೂ ಮುಟ್ಲಿಲ್ಲ. ನೀನೇ ನೋಡ್ದಲ್ಲ."

"ನೀರು?"

"ಎಲ್ಲಕ್ಕೂ ಒಂದೇ ನೀರು. ಒಂದೇ ತಟ್ಟೆ. ಒಂದೇ ಬಿಸಿಲು."

"ತಾಯಿ?"

"ಒಂದೇ ತಾಯಿ."

ಅವ್ವ ಮತ್ತೊಮ್ಮೆ ಬಗ್ಗಿ ನೋಡಿ, "ಅಪ್ಪ?" ಎಂದು ಕೇಳಿದಳು.

"ಅಪ್ಪನೂ ಒಂದೇ" ಎಂದೆ. ಹೇಳಿದ ಮೇಲೆ ಅದು ನನ್ನ ಕಿವಿಗೆ ಬಿತ್ತು. ಅದೇ ಗಂಡು, ಅದೇ ಹಾಲು. ಆದವಕ್ಕೂ ಆಗದಿದ್ದವಕ್ಕೂ.

ಅವ್ವ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ನನ್ನನ್ನೇ ನೋಡಿದಳು. "ಅಂಗಾರೆ ನಿಂದೂ ತಪ್ಪಿಲ್ಲ ಕಲಾ, ಮಗ" ಅಂದಳು.

ದೋಷ ನನ್ನದೇ ಇರಬಹುದೆಂಬ ಭಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಹನಳಿಗೂ ಹೇಳಿಲ್ಲ. ಈ ಪುಸ್ತಕದಲ್ಲೂ ಬರೆದಿಲ್ಲ ಅಂದುಕೊಂಡಿದ್ದೇನೆ. ಇವಳಿಗೆ ಹೇಗೆ ತಿಳಿಯಿತು? ಅತ್ತುಬಿಟ್ಟೆ. ಕಾಲೇಜು ಮೇಷ್ಟ್ರು, ಜಗಲಿಯ ಮೇಲೆ, ಹಾಡುಹಗಲು. ಅವತ್ತು ಹಾಗೆ ಅನ್ನಬಾರದಿತ್ತು ಅವ್ವ ಎಂದೆ. "ಗೊತ್ತು ಬುಡು" ಎಂದು ಸೆರಗಿನಿಂದ ಕೈ ತೆಗೆದು ನನ್ನ ಮೂಗು ಒರೆಸಿದಳು. ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೇ, ಉರಿಯುವಷ್ಟು ಗಟ್ಟಿಯಾಗಿ.

ಮಧ್ಯಾಹ್ನ ಅವಳೇ ಬಡಿಸಿದಳು. ಸಂಜೆಯ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಚಿನಕುರಳಿಯಿಂದ ಪಾಂಡವಪುರದವರೆಗೆ ರಸ್ತೆ ಕೆಟ್ಟು ಕೆರ ಹಿಡಿದಿದೆ. ಒಂದು ತೊಟ್ಟೂ ತುಳುಕಲಿಲ್ಲ.

8 ನವೆಂಬರ್, ಬುಧವಾರ

ಹೊಸ ತಂಡ ಬೆರೆಸಿದ್ದೇನೆ. ಶುಕ್ರವಾರಕ್ಕೆ ಮರಿಗಳಿಗೆ ಕೈಕಾಲು ಮೂಡಬೇಕು. ಗೈಡಿನ ಕ್ಯಾಮೆರಾ ತಂದಿಟ್ಟಿದ್ದೇನೆ, ಒಂದೇ ರೀಲು. ಶುಕ್ರವಾರ ತಪ್ಪಿದರೆ ತಿನ್ನಲು ಏನೂ ಇಲ್ಲದೆ ಸೊರಗಲು ಶುರುಮಾಡುತ್ತವೆ.

ಅವ್ವ ಅಡುಗೆಮನೆಗೂ ಸಹನಳ ಮಂಚಕ್ಕೂ ಓಡಾಡಿಕೊಂಡಿದ್ದಾಳೆ. ಗಂಜಿ ಕೊಡುತ್ತಾಳೆ, ಸೊಪ್ಪಿನ ಸಾರು ಕೊಡುತ್ತಾಳೆ. ಆದರೆ ಅವಳ ಮೈ ಮುಟ್ಟುವುದಿಲ್ಲ. ಲೋಟವನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯುತ್ತಾಳೆ. ತಲೆ ಬಾಚುವುದಕ್ಕೂ ಪುಟ್ಟತಾಯಮ್ಮನೇ ಬರಬೇಕು. ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ, ಇದು ಮಾತ್ರ ಹೋಗಿಲ್ಲ. ಕೇಳಲು ಧೈರ್ಯವಿಲ್ಲ.

ಇವತ್ತು ನೋಡಿದರೆ ಜಾಡಿಗಳ ಕತ್ತಿಗೆ ದಾರದಲ್ಲಿ ಗರಿಕೆ ಕಟ್ಟಿದ್ದಾಳೆ. ಹೊರಗಡೆಯಿಂದ. ನೀರಿಗೆ ತಾಕದ ಹಾಗೆ. ನಾನು ಬಿಚ್ಚಲಿಲ್ಲ.

10 ನವೆಂಬರ್, ಶುಕ್ರವಾರ

ಕಾಲೇಜಿಗೆ ರಜೆ ಹಾಕಿ ಮೈಸೂರಿಗೆ ಹೋದೆವು. ನಯಾಜ್ ಟೆಂಪೊವನ್ನು ಹಿಂದಿನ ದಿನವೇ ಸೋಪು ಹಾಕಿ ತೊಳೆಸಿದ್ದ. ಊದುಬತ್ತಿ ಬೇರೆ ಹಚ್ಚಿದ್ದ. ಮೀನೂ ಊದುಬತ್ತಿಯೂ ಸೇರಿ ಇನ್ನೂ ಅಧ್ವಾನವಾಗಿತ್ತು. ಸಹನ ಮೂಗು ಮುಚ್ಚಿಕೊಂಡೇ ನಕ್ಕಳು.

ಈ ಸಲ ಅವ್ವನೂ ಒಳಗೆ ಬಂದಳು, ಬಾಗಿಲಿನ ಹತ್ತಿರ ನಿಂತಳು. ಡಾಕ್ಟರಮ್ಮ ಒಂದು ಸಣ್ಣ ಯಂತ್ರವನ್ನು ಸಹನಳ ಹೊಟ್ಟೆಯ ಮೇಲೆ ಆಡಿಸಿದರು. ಬರೀ ಗೊರಗೊರ ಸದ್ದು. ಅಲ್ಲಿ ಇಲ್ಲಿ ಹುಡುಕಿದರು. ನಾನು ಗೋಡೆಯ ಕ್ಯಾಲೆಂಡರನ್ನು ಓದುತ್ತ ನಿಂತೆ, ಓದಿದ್ದು ಒಂದೂ ತಲೆಗೆ ಹೋಗಲಿಲ್ಲ. ಆಮೇಲೆ ಕೇಳಿಸಿತು. ಸಣ್ಣಗೆ, ಬಿಡದ ಹಾಗೆ, ದಡದಡ.

"ದೂರ್ದಲ್ಲಿ ಪಂಪ್‌ಸೆಟ್ ಓಡ್ದಂಗದೆ" ಅಂದಳು ಅವ್ವ ಬಾಗಿಲಿನಿಂದ.

"ಅತ್ತೆ, ಬನ್ನಿ ಇಲ್ಲಿ" ಎಂದಳು ಸಹನ.

ಅವ್ವ ಬರಲಿಲ್ಲ. ಕೈಗಳು ಮತ್ತೆ ಸೆರಗಿನೊಳಗೆ ಹೋಗಿದ್ದವು. ನಾನೇ ಹೋಗಿ ಆ ಕೈ ಹಿಡಿದುಕೊಂಡು ಬಂದೆ. ಪಾತ್ರೆ ಉಜ್ಜಿ ಒರಟಾದ ಕೈ. ಸಹನ ಅದನ್ನು ನನ್ನಿಂದ ಈಸಿಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟು, ಮೇಲೆ ತನ್ನೆರಡೂ ಕೈ ಒತ್ತಿದಳು. ಅವ್ವ ಯಂತ್ರದ ಕಡೆಗೇ ನೋಡುತ್ತಿದ್ದಳು. ಸದ್ದು ನಿಲ್ಲಲಿಲ್ಲ. ಅವಳ ಕೈ ಅಲ್ಲೇ ಇತ್ತು, ಸದ್ದು ನಡೆಯುತ್ತಲೇ ಇತ್ತು.

ಇನ್ನೂ ಜೋಪಾನವಾಗಿರಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ಆ ಮಾತು ನನಗೆ ಇವತ್ತೂ ಅರ್ಥವಾಗಲಿಲ್ಲ, ಆದರೆ ಸಿಟ್ಟು ಬರಲಿಲ್ಲ. ಮನೆಗೆ ಬಂದು ಅವ್ವ ಸಹನಳಿಗೆ ತಲೆ ಬಾಚಿ ಹೂ ಮುಡಿಸಿದಳು. ಕೂಸಿಗೆ ಯಾರ ಹೆಸರಿಡುವುದೆಂದು ಇಬ್ಬರೂ ಆಗಲೇ ಜಗಳ ತೆಗೆದಿದ್ದಾರೆ. ನನ್ನದೂ ಒಂದು ಹೆಸರು ಸೇರಿಸಿದೆ, ಇಬ್ಬರೂ ಬೇಡವೆಂದರು.

ಜಾಡಿಗಳನ್ನು ನೋಡುವುದು ಮರೆತೇಹೋಯಿತು.